ಆದಾಯ ವಿಲ್ಪನ

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜವಳಿ ಅಂಗಡಿಯ ಬಾಗಿಲಿಗೆ ಅಡ್ಡಕ್ಕೆ ಕಟ್ಟಿದ್ದ ಬಟ್ಟೆಯ ಬ್ಯಾನರು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ನಾನು ನಾಲ್ಕನೇ ಕ್ಲಾಸು. ಕನ್ನಡ ಮಾಧ್ಯಮದ ಶಾಲೆ. ಮಲಯಾಳದ ಅಕ್ಷರಗಳನ್ನು ಬಸ್ಸಿನ ಬೋರ್ಡು ನೋಡಿ ನೋಡಿ, ಅಣ್ಣನನ್ನು ಕೇಳಿ ಕೇಳಿ ಕಲಿತಿದ್ದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಆದಾಯ ವಿಲ್ಪನ. ವಿಲ್ಪನ ಎಂದರೆ ಮಾರಾಟ ಎಂದು ಗೊತ್ತಿತ್ತು. ಆದಾಯ ನಮ್ಮದೇ ಪದ. ಅಡಿಕೆ ಮಾರಿದ ಮೇಲೆ ಅಪ್ಪ ಲೆಕ್ಕದ ಪುಸ್ತಕದಲ್ಲಿ ಎಡಗಡೆ ಬರೆಯುತ್ತಿದ್ದ ಪದ.

"ಅಮ್ಮಾ, ಇವರು ಆದಾಯವನ್ನು ಮಾರುವುದಾ?"

ಅಮ್ಮನಿಗೂ ಗೊತ್ತಿರಲಿಲ್ಲ. ಅಮ್ಮ ಒಂದನೇ ಕ್ಲಾಸಿಗೆ ಸೇರುವಾಗ ನಮ್ಮ ಊರು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು. ಅಮ್ಮ ಮಾತ್ರ ಕನ್ನಡದಲ್ಲೇ ಓದಿದರು, ಕನ್ನಡದಲ್ಲೇ ನಿಂತರು. ಅವರು ಒಳಗೆ ಹೋಗಿ ಅಂಗಡಿಯವರನ್ನು ಕೇಳಿಯೇಬಿಟ್ಟರು. ಅಂಗಡಿಯವರು ಅಳತೆ ಕೋಲು ಕೆಳಗಿಟ್ಟು ಹೇಳಿದರು: "ಮಲಯಾಳದಲ್ಲಿ ಆದಾಯ ಅಂದರೆ ಕಡಿಮೆ ಕ್ರಯಕ್ಕೆ ಸಿಗುವುದು ಅಂತ ಅಮ್ಮಾ. ನೀವು ಡಿಸ್ಕೌಂಟು ಅಂತೀರಲ್ಲ, ಅದೇ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಟ್‌ಪೀಸಿನ ರಾಶಿಯಿಂದ ನೀಲಿ ಹೂವಿನ ಒಂದೂಕಾಲು ಮೀಟರ್ ಎಳೆದು, ನನ್ನ ಬೆನ್ನಿಗೆ ಹಿಡಿದು ಅಳತೆ ನೋಡಿ, "ಅವರು ಹೇಳುವುದೂ ಸರಿಯೇ. ಕೊಡದೆ ಉಳಿದದ್ದು ಬಂದ ಹಾಗೆಯೇ ಅಲ್ಲವಾ" ಎಂದರು.

ಲಾಭ ಎಂಬ ಪದಕ್ಕೂ ಇಲ್ಲಿ ಇದೇ ಕತೆ. ಕನ್ನಡದಲ್ಲಿ ಲಾಭ ವ್ಯಾಪಾರಿಗೆ ಆಗುವಂಥದ್ದು. ಮಲಯಾಳದಲ್ಲಿ "ಲಾಭತ್ತಿನ್ ಕಿಟ್ಟಿ" ಎಂದು ಹೇಳುವವರು ಕೊಂಡುಕೊಂಡು ಬಂದವರು, ಅಗ್ಗಕ್ಕೆ ಸಿಕ್ಕಿತು ಎಂಬ ಅರ್ಥದಲ್ಲಿ. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಒಂದೇ ಪದ ಗಲ್ಲಾಪೆಟ್ಟಿಗೆಯ ಎರಡೂ ಬದಿಯಿಂದ ಕೇಳಿಸುತ್ತದೆ. ಇಳಿಸಿದ ಬೆಲೆಯ ಸಾಮಾನು ಕೊಳ್ಳುವುದರ ಬಗ್ಗೆ ನನಗೆ ಹೇಳಲಿಕ್ಕಿರುವುದೂ ಈ ಎರಡೂ ಬದಿಯ ವಿಷಯವನ್ನೇ.

ಈಗ ನಮ್ಮ ಮನೆ ಸೀತಾಂಗೋಳಿಯ ಕಡೆ. ಕೆಲಸಕ್ಕೆ ಬಸ್ಸಿನಲ್ಲಿ ಕಾಸರಗೋಡು ಪೇಟೆಗೆ. ಸಂಜೆ ಆಫೀಸು ಬಿಟ್ಟ ಮೇಲೆ ಬಸ್ಸಿಗೆ ಅರ್ಧ ಗಂಟೆ ಇರುತ್ತದೆ. ಆ ಅರ್ಧ ಗಂಟೆಯಲ್ಲಿ ವಾರಕ್ಕೆ ಒಂದು ಸಲ ಹತ್ತಿರದ ಸೂಪರ್‌ಮಾರ್ಕೆಟಿಗೆ ಹೋಗುತ್ತೇನೆ. ಹೋದವಳೇ ಮೊದಲು ನೋಡುವುದು ಬಿಲ್ಲಿಂಗ್ ಕೌಂಟರಿನ ಪಕ್ಕದ ತಂತಿಯ ಬುಟ್ಟಿಯನ್ನು. ಹಳದಿ ಚೀಟಿ ಅಂಟಿಸಿದ ಸಾಮಾನೆಲ್ಲ ಅದರಲ್ಲಿರುತ್ತದೆ: ಡೇಟು ಹತ್ತಿರ ಬಂದ ಓಟ್ಸು, ಮೂಲೆ ಜಜ್ಜಿದ ಕಾರ್ನ್‌ಫ್ಲೇಕ್ಸಿನ ಡಬ್ಬ, ಕಂಪನಿಯವರು ಹೊದಿಕೆಯ ಚಿತ್ರ ಬದಲಾಯಿಸಿದ್ದಕ್ಕೆ ಹಳತಾದ ಸೋಪು, ಹಬ್ಬ ಮುಗಿದ ಮೇಲೆ ಉಳಿದ ಶ್ಯಾವಿಗೆ. ಎಲ್ಲಕ್ಕೂ ಮೂವತ್ತು, ನಲವತ್ತು, ಕೆಲವಕ್ಕೆ ಐವತ್ತು ಶೇಕಡಾ ಕಡಿಮೆ.

ಹತ್ತು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ಮುದ್ರಿತ ಬೆಲೆ, ಕೊಟ್ಟ ಬೆಲೆ, ಮುಗಿದ ದಿನ. ಕಳೆದ ವರ್ಷದ ಹನ್ನೆರಡು ತಿಂಗಳ ಉಳಿತಾಯ ಕೂಡಿಸಿದಾಗ 5,340 ರೂಪಾಯಿ ಬಂತು. ಉಪಯೋಗಿಸದೆ ಎಸೆದದ್ದು 410. ಕಳೆದರೆ 4,930. ಅಮ್ಮನ ಕಣ್ಣಿನ ಪೊರೆ ತೆಗೆಸಿದ ಮೇಲೆ ಹೊಸ ಕನ್ನಡಕ ಮಾಡಿಸಿದ್ದು ಈ ಹಣದಲ್ಲಿ. ಒಂದು ಸಂಬಳದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಆ ಬುಟ್ಟಿಯಲ್ಲಿ ಅಂಗಡಿ ಎಂತದ್ದನ್ನು ಮಾರುತ್ತದೆ ಎಂದು ನನಗೆ ತಿಳಿಸಿಕೊಟ್ಟವರು ನಮ್ಮ ಊರಿನ ಜಿನಸಿನಂಗಡಿಯ ಧಣಿಗಳು. ಸಣ್ಣ ಅಂಗಡಿ, ನಲವತ್ತು ವರ್ಷದ ವ್ಯಾಪಾರ. ಒಂದು ಮಳೆಗಾಲದ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಕೂತು ಮಾತಾಡಿದರು. "ಲೈನ್ ಸೇಲ್ಸಿನವರು ಬರುತ್ತಾರೆ, ಒಂದು ಪೆಟ್ಟಿಗೆ ತೆಗೆದುಕೊಂಡರೆ ಎರಡು ಪೀಸು ಫ್ರೀ ಅಂತ ಆಸೆ ತೋರಿಸುತ್ತಾರೆ. ಹೋಗಲಿ ಅಂತ ತೆಗೆದುಕೊಳ್ಳುತ್ತೇವೆ. ಅದು ಹೋಗದಿದ್ದರೆ? ಕೆಲವು ಏಜೆನ್ಸಿಯವರು ವಾಪಸ್ ತೆಗೆದುಕೊಳ್ಳುತ್ತಾರೆ, ಕೆಲವರು ಮುಖವೇ ತೋರಿಸುವುದಿಲ್ಲ. ಡೇಟು ಮುಗಿದ ದಿನ ಆ ಪ್ಯಾಕೆಟಿನ ಕ್ರಯ ಸೊನ್ನೆ. ಮುಗಿದದ್ದನ್ನು ಮಾರುವ ಹಾಗಿಲ್ಲ, ಅದು ಅಪರಾಧ. ಹಾಗಾದರೆ ಮುಗಿಯುವ ಒಂದು ತಿಂಗಳು ಮೊದಲು ಅದರ ಕ್ರಯ ಎಷ್ಟು? ಲೆಕ್ಕ ಹಾಕು."

ಲೆಕ್ಕ ಹಾಕಿದೆ. ಪ್ಯಾಕೆಟಿನ ಒಳಗಿನ ಸಾಮಾನು ಅದೇ, ತೂಕವೂ ಅದೇ. ದಿನಕ್ಕೊಂದರಂತೆ ಕಡಿಮೆಯಾಗುತ್ತಿರುವುದು ಅದಕ್ಕಿರುವ ದಿನಗಳು ಮಾತ್ರ. ಒಂಬತ್ತು ತಿಂಗಳ ಆಯುಸ್ಸಿನ ಡಬ್ಬದಲ್ಲಿ ಎಂಟು ತಿಂಗಳು ಅಂಗಡಿಯ ಕಪಾಟಿನಲ್ಲೇ ಕಳೆದುಹೋಗಿರುತ್ತದೆ. ನನ್ನ ಮನೆಯಲ್ಲಿ ಆ ಡಬ್ಬ ಹದಿನೆಂಟು ದಿನಕ್ಕೆ ಖಾಲಿಯಾಗುತ್ತದೆ ಎಂದಾದರೆ ನನಗೆ ಬೇಕಾದದ್ದು ಹದಿನೆಂಟು ದಿನ. ಉಳಿದ ಎಂಟು ತಿಂಗಳಿಗೆ ನಾನು ಯಾಕೆ ಹಣ ಕೊಡಬೇಕು? ಅದೇ ಡಬ್ಬ ನಿಮ್ಮ ಮನೆಯಲ್ಲಿ ಎರಡು ತಿಂಗಳು ಬರುತ್ತದೆ ಎಂದಾದರೆ ಅರ್ಧ ಬೆಲೆಗೆ ಸಿಕ್ಕಿದರೂ ನಿಮಗೆ ಅದು ದುಬಾರಿ. ಬೆಲೆ ಇಳಿಸುವಾಗ ಅಂಗಡಿಯವರು ಒಂದು ಭಾರವನ್ನು ತಮ್ಮ ಹೆಗಲಿನಿಂದ ನಮ್ಮ ಹೆಗಲಿಗೆ ವರ್ಗಾಯಿಸುತ್ತಾರೆ. ಇಳಿಸಿದ ಬೆಲೆ ಆ ಭಾರ ಹೊರುವುದಕ್ಕೆ ಕೊಟ್ಟ ಕೂಲಿ. ಹೊರಲು ಆಗುತ್ತದಾ ಇಲ್ಲವಾ ಎಂದು ಹೇಳಬೇಕಾದವರು ನಾವೇ, ನಮ್ಮ ಅಡುಗೆಮನೆಯ ಗಡಿಯಾರ ನೋಡಿ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. 2019ರ ಜೂನ್. ಬುಟ್ಟಿಯಲ್ಲಿ ಆರು ಪ್ಯಾಕೆಟ್ ಓಟ್ಸು, ಒಂದಕ್ಕೆ 90 ಇದ್ದದ್ದು 45 ರೂಪಾಯಿ. ಡೇಟು ಇನ್ನೂ ಎರಡು ತಿಂಗಳಿತ್ತು. ಆರನ್ನೂ ಹಾಕಿಕೊಂಡು ಬಂದೆ, 270 ರೂಪಾಯಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಓಟ್ಸು ತಿನ್ನುವವಳು ಮಗಳೊಬ್ಬಳೇ, ಅದೂ ಶಾಲೆಗೆ ತಡವಾದ ದಿನ. ಉಳಿದವರಿಗೆ ನೀರುದೋಸೆ, ಕಡುಬು, ಹಿಂದಿನ ರಾತ್ರಿಯ ಗಂಜಿಯಾದರೂ ಆದೀತು. ಎರಡು ಪ್ಯಾಕೆಟ್ ಮುಗಿಯುವ ಹೊತ್ತಿಗೆ ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಬಾಕಿ ನಾಲ್ಕು ಪ್ಯಾಕೆಟುಗಳನ್ನು ತೆಗೆದು ನೋಡಿದಾಗ ಒಂದಕ್ಕೆ ಮುಗ್ಗಲು ವಾಸನೆ, ಮೂರರಲ್ಲಿ ಹುಳ. ನಾಲ್ಕನ್ನೂ ತೆಂಗಿನ ಬುಡಕ್ಕೆ ಹಾಕಿದೆ. ಲೆಕ್ಕದಲ್ಲಿ ತಿಂದ ಎರಡು ಪ್ಯಾಕೆಟಿಗೆ 270 ಕೊಟ್ಟ ಹಾಗಾಯಿತು. ಪೂರಾ ಬೆಲೆಗೆ ಎರಡೇ ತಂದಿದ್ದರೆ 180ರಲ್ಲಿ ಮುಗಿಯುತ್ತಿತ್ತು.

ಹಣಕ್ಕಿಂತ ಹೆಚ್ಚು ಸಂಕಟವಾದದ್ದು ಅಮ್ಮನ ಮುಖ ನೋಡಿ. ತಿನ್ನುವ ವಸ್ತುವನ್ನು ಬುಡಕ್ಕೆ ಹಾಕುವುದನ್ನು ಅವರು ಸಹಿಸುವವರಲ್ಲ. ನುಚ್ಚಕ್ಕಿಯ ಗಂಜಿ ಕುಡಿದು ದೊಡ್ಡವರಾದವರು. ಏನೂ ಹೇಳಲಿಲ್ಲ, ಖಾಲಿ ಪ್ಯಾಕೆಟುಗಳನ್ನು ತೊಳೆದು ಒಣಗಲು ಹಾಕಿದರು.

ಆ ಮಳೆಗಾಲದಿಂದ ನೋಟ್‌ಬುಕ್ಕಿನಲ್ಲಿ "ಮುಗಿದ ದಿನ" ಎಂಬ ಕಾಲಂ ಸೇರಿತು. ಒಂದು ಕಿಲೋ ರವೆ ನಮ್ಮಲ್ಲಿ ಹನ್ನೆರಡು ದಿನ. ಬಟ್ಟೆ ಸೋಪಿನ ಪುಡಿ ಒಂದು ಕಿಲೋ ಇಪ್ಪತ್ತೆರಡು ದಿನ, ಮಳೆಗಾಲದಲ್ಲಿ ಹದಿನಾರು. ಟೊಮೆಟೊ ಸಾಸು ಮಗಳು ಮನೆಯಲ್ಲಿದ್ದರೆ ಒಂದು ತಿಂಗಳು, ಇಲ್ಲದಿದ್ದರೆ ಮುಗಿಯುವುದೇ ಇಲ್ಲ. ಹಲ್ಲುಜ್ಜುವ ಪೇಸ್ಟು, ಮೈ ಸೋಪು, ಪಾತ್ರೆ ತೊಳೆಯುವ ಸೋಪು ಇವುಗಳ ಡೇಟಿಗೆ ನಾನು ಹೆದರುವುದಿಲ್ಲ. ಆಯುಸ್ಸು ವರ್ಷಗಳ ಲೆಕ್ಕದ್ದು, ದಿನವೂ ಬೇಕಾಗುವಂಥದ್ದು, ಎಷ್ಟಿದ್ದರೂ ಹಾಕಿಕೊಳ್ಳುತ್ತೇನೆ. ಉಪ್ಪು, ಸಕ್ಕರೆಯೂ ಹಾಗೆಯೇ, ನೀರು ತಾಗದ ಡಬ್ಬವಿದ್ದರೆ ಸಾಕು. ಗೋಡಂಬಿ, ಬಾದಾಮಿ, ನೆಲಕಡಲೆ, ಕೊಬ್ಬರಿ ತುರಿ ಬುಟ್ಟಿಯಲ್ಲಿ ಎಷ್ಟು ಅಗ್ಗಕ್ಕೆ ಕಂಡರೂ ಮುಟ್ಟುವುದಿಲ್ಲ. ಅವುಗಳಲ್ಲಿ ಎಣ್ಣೆ ಇದೆ, ಡೇಟು ಇದ್ದಾಗಲೇ ಕಮಟು ವಾಸನೆ ಹಿಡಿದಿರುತ್ತದೆ. ಮಸಾಲೆ ಪುಡಿ ಹಾಳಾಗದಿದ್ದರೂ ಪರಿಮಳ ಹೋಗಿರುತ್ತದೆ, ಎರಡು ಚಮಚದ ಕಡೆ ಮೂರು ಹಾಕಬೇಕು, ಅಲ್ಲಿಗೆ ಉಳಿತಾಯ ಸಾರಿನಲ್ಲೇ ಕರಗಿತು. ಮಗುವಿನ ಆಹಾರ ಮತ್ತು ಔಷಧಿಗಳ ವಿಷಯದಲ್ಲಂತೂ ಯೋಚನೆಯೇ ಬೇಡ, ಹೊಸತೇ ಬೇಕು.

ಇನ್ನು ಡೇಟು ಓದುವುದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಓದು ಬರಹ ಬಲ್ಲವರೂ ಇಲ್ಲಿ ಎಡವುವುದನ್ನು ನೋಡಿದ್ದೇನೆ. ಪ್ಯಾಕೆಟಿನ ಮೇಲೆ ಎರಡು ಬಗೆಯ ಡೇಟು ಬರುತ್ತದೆ. "ಯೂಸ್ ಬೈ" ಅಥವಾ "ಎಕ್ಸ್‌ಪೈರಿ" ಎಂದಿದ್ದರೆ ಆ ದಿನ ದಾಟಿದ ಮೇಲೆ ತಿನ್ನಬಾರದು. ಮಾತು ಮುಗಿಯಿತು. "ಬೆಸ್ಟ್ ಬಿಫೋರ್" ಬೇರೆ: ಅಷ್ಟು ದಿನದವರೆಗೆ ರುಚಿ, ಗರಿಗರಿ, ಬಣ್ಣ ಎಲ್ಲ ಕಂಪನಿ ಹೇಳಿದ ಹಾಗೆ ಇರುತ್ತದೆ ಎಂಬ ಭರವಸೆ. ಆ ದಿನ ದಾಟಿದರೆ ಗುಣ ಇಳಿಯಬಹುದು, ತಕ್ಷಣ ವಿಷವಾಯಿತು ಎಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಲ್ಲಿ ಎಕ್ಸ್‌ಪೈರಿ ಹಾಕುವುದು ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು. ಕೆಲವು ಪ್ಯಾಕೆಟುಗಳಲ್ಲಿ ತಯಾರಾದ ತಿಂಗಳು ಒಂದು ಕಡೆ, "ತಯಾರಾದ ದಿನದಿಂದ ಇಷ್ಟು ತಿಂಗಳು" ಎಂಬುದು ಇನ್ನೊಂದು ಕಡೆ ಇರುತ್ತದೆ, ಬೆರಳು ಮಡಚಿ ಎಣಿಸಿಯೇ ತಿಳಿಯಬೇಕು. ಹಾಲು, ಮೊಸರು, ಪನೀರು, ಬ್ರೆಡ್ಡಿನಂಥವುಗಳಲ್ಲಿ ಡೇಟಿಗಿಂತ ಹೆಚ್ಚು ನೋಡಬೇಕಾದದ್ದು ಅಂಗಡಿಯ ಫ್ರಿಜ್ಜನ್ನು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಮುದ್ರಿಸಿದ ಡೇಟು ಅರ್ಧ ಸತ್ಯ.

ನಮ್ಮ ಪಕ್ಕದ ಮನೆಯ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಪತ್ರಿಕೆ ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ, ಕನ್ನಡದ್ದು. ಪ್ಯಾಕೆಟ್ ಮಾತ್ರ ಓದಲಾಗುವುದಿಲ್ಲ. ಲೇಬಲಿನ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿದ್ದರೆ ಕಾನೂನಿಗೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟ. ಇಲ್ಲಿಗೆ ಬರುವ ಸಾಮಾನಿನ ಮೇಲೆ ಇಂಗ್ಲಿಷ್, ಹೆಚ್ಚೆಂದರೆ ಮಲಯಾಳ. ಅಂಗಡಿಯ ಆಫರಿನ ಬೋರ್ಡುಗಳೂ ಮಲಯಾಳದಲ್ಲಿ. ಅಕ್ಷರ ಗೊತ್ತಿದ್ದೂ ಓದಲಾಗದೆ ನಿಲ್ಲುವುದು ಎಂಥ ಅವಮಾನ ಎಂದು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ದೊಡ್ಡಮ್ಮ ತಂದ ಬಿಸ್ಕತ್ತು, ಹಾರ್ಲಿಕ್ಸು ಎಲ್ಲ ಒಮ್ಮೆ ನಮ್ಮ ಜಗಲಿಗೆ ಬರುತ್ತದೆ. ನಾನು ಮಾರ್ಕರ್ ಪೆನ್ನಿನಿಂದ ಮುಚ್ಚಳದ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆಯುತ್ತೇನೆ: ಮಾರ್ಚ್ 20. ಈಗ ನಮ್ಮ ಮನೆಯ ಡಬ್ಬಗಳಿಗೂ ಹಾಗೆಯೇ ಬರೆಯುವುದು ರೂಢಿಯಾಗಿದೆ. ಡೇಟು ಕಣ್ಣಿಗೆ ಬೀಳುತ್ತಿದ್ದರೆ ಸಾಮಾನು ಉಳಿಯುವುದಿಲ್ಲ.

ಕಪಾಟಿನಲ್ಲಿ ಸಾಮಾನು ಜೋಡಿಸುವ ಕ್ರಮ ತಿಳಿದುಕೊಳ್ಳುವುದೂ ಒಳ್ಳೆಯದು. ಕಟ್ಟುನಿಟ್ಟಿನ ಅಂಗಡಿಯಲ್ಲಿ ಹಳೆಯದು ಎದುರಿಗೆ, ಹೊಸದು ಹಿಂದೆ. ಪೂರಾ ಬೆಲೆ ಕೊಡುವಾಗ ನಾನು ಹಿಂದಕ್ಕೆ ಕೈ ಹಾಕುತ್ತೇನೆ. ಅದೇ ಎರಡು ದಿನದಲ್ಲಿ ಮುಗಿಯುವ ವಸ್ತುವಾದರೆ ಎದುರಿನದನ್ನೇ ತೆಗೆದುಕೊಳ್ಳುತ್ತೇನೆ. ಇವತ್ತೇ ಮುರಿಯುವ ಬ್ರೆಡ್ಡಿಗೆ ನಾಲ್ಕು ದಿನದ ಡೇಟು ಎಂತಕ್ಕೆ? ಎಲ್ಲರೂ ಹಿಂದಿನಿಂದಲೇ ಎಳೆದರೆ ಎದುರಿನದು ಕಸದ ಬುಟ್ಟಿಗೆ ಹೋಗುತ್ತದೆ.

ಹಳದಿ ಚೀಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಎರಡು ವರ್ಷದ ಹಿಂದೆ ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗೆ "ಎಂಆರ್‌ಪಿ 240, ನಮ್ಮ ಬೆಲೆ 180" ಎಂಬ ಚೀಟಿ ಇತ್ತು. ಅರವತ್ತು ರೂಪಾಯಿ ಉಳಿಯಿತು ಎಂದು ತಂದೆ. ಮನೆಯಲ್ಲಿ ಚೀಟಿಯ ಮೂಲೆ ಎದ್ದಿತ್ತು, ಉಗುರಿನಿಂದ ಕಿತ್ತು ನೋಡಿದರೆ ಅಡಿಯಲ್ಲಿ ಕಂಪನಿ ಮುದ್ರಿಸಿದ ಬೆಲೆ 185. ಉಳಿದದ್ದು ಐದು ರೂಪಾಯಿ. ಮರುದಿನ ಬಾಟಲಿ ಹಿಡಿದುಕೊಂಡು ಹೋದೆ. ಕೌಂಟರಿನ ಹುಡುಗ "ಕಂಪ್ಯೂಟರಿನಲ್ಲಿ ಹಾಗೆಯೇ ಉಂಟು ಅಕ್ಕ" ಎಂದ. ಅವನ ತಪ್ಪಲ್ಲ, ಅವನನ್ನು ಬೈಯಲು ಮನಸ್ಸಾಗಲಿಲ್ಲ. ಮೇಲಿನವರು ಬಂದು ಚೀಟಿ ತಪ್ಪಾಗಿದೆ ಎಂದು ಒಪ್ಪಿದರು, ಉಳಿದ ಬಾಟಲಿಗಳಿಂದ ಕೀಳಿಸಿದರು.

ಅದಾದ ಮೇಲೆ ನಿಯಮ ಎಂತ ಹೇಳುತ್ತದೆ ಎಂದು ಹುಡುಕಿ ಓದಿದೆ. ಪ್ಯಾಕ್ ಮಾಡಿದ ಸಾಮಾನುಗಳಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ಬೆಲೆ ಇಳಿಸಿದ್ದನ್ನು ತೋರಿಸಲು ಚೀಟಿ ಅಂಟಿಸಬಹುದು, ಆದರೆ ಆ ಚೀಟಿ ತಯಾರಕರು ಮುದ್ರಿಸಿದ ಬೆಲೆಯನ್ನು ಮುಚ್ಚಬಾರದು. ಎಷ್ಟು ಸರಳವಾದ, ಎಷ್ಟು ನ್ಯಾಯವಾದ ಮಾತು! ಹಳೆಯ ಬೆಲೆ ಕಂಡರಲ್ಲವೇ ಇಳಿದದ್ದು ಎಷ್ಟು ಎಂದು ಗೊತ್ತಾಗುವುದು. ಈಗ ಚೀಟಿಯ ಅಡಿಯಲ್ಲಿ ಬೆಲೆ ಕಾಣದ ಸಾಮಾನನ್ನು ನಾನು ಬುಟ್ಟಿಗೇ ವಾಪಸ್ ಹಾಕುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟು, ತಲೆ ಎಣ್ಣೆಯ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೆ ಇಳಿದಾಗ ಇದು ಪ್ರಯೋಜನಕ್ಕೆ ಬಂತು. ಹಳೆಯ ಸ್ಟಾಕಿನ ಮೇಲೆ ಎರಡು ಬೆಲೆ ಇರುತ್ತಿತ್ತು. ತೆರಿಗೆ ಇಳಿದದ್ದಕ್ಕೆ ಕಡಿಮೆಯಾದದ್ದು ಎಷ್ಟು, ಅಂಗಡಿಯವರು ತಾವಾಗಿ ಬಿಟ್ಟದ್ದು ಎಷ್ಟು ಎಂದು ಬೇರೆ ಮಾಡಿ ನೋಡಬೇಕಿತ್ತು. ತೆರಿಗೆಯ ಇಳಿಕೆಯನ್ನೇ ದೊಡ್ಡ ಆಫರು ಎಂದು ಬರೆದ ಬೋರ್ಡುಗಳನ್ನೂ ಕಂಡಿದ್ದೇನೆ.

ಮತ್ತೊಂದು ಸಂಖ್ಯೆ ಇದೆ, ಬೆಲೆಯ ಹತ್ತಿರವೇ ಸಣ್ಣ ಅಕ್ಷರದಲ್ಲಿ: ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂಬುದು. "ಎರಡು ಕೊಂಡರೆ ಒಂದು ಫ್ರೀ" ಎಂಬ ಕಟ್ಟಿನ ಎದುರು ನಿಂತಾಗ ನಾನು ನೋಡುವುದು ಅದನ್ನು. ಹತ್ತು ರೂಪಾಯಿಯ ಪ್ಯಾಕೆಟ್ ವರ್ಷದಿಂದ ವರ್ಷಕ್ಕೆ ಹತ್ತು ರೂಪಾಯಿಯಾಗಿಯೇ ಉಳಿದು ಒಳಗಿನ ಗ್ರಾಮುಗಳು ಕರಗುತ್ತಾ ಹೋದದ್ದು ಕಾಣುವುದೂ ಅಲ್ಲಿಯೇ.

ಜವಳಿಯ ಕತೆ ಬೇರೆ. ಬಟ್ಟೆಗೆ ಡೇಟು ಇಲ್ಲ, ತಿಂಗಳು ಇದೆ. ನಮ್ಮ ಕಡೆ ಆಟಿ, ಘಟ್ಟದ ಮೇಲೆ ಆಷಾಢ, ಮಲಯಾಳಿಗಳಿಗೆ ಕರ್ಕಿಡಕ, ತಮಿಳುನಾಡಿನಲ್ಲಿ ಆಡಿ: ಹೆಸರು ನಾಲ್ಕು, ಅಂಗಡಿಯವರ ಕಷ್ಟ ಒಂದೇ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಮ್ಮ ಕಡೆಯಂತೂ ಹೊರಗೆ ಬಿಡದ ಮಳೆ. ಮುಂದಿನ ತಿಂಗಳು ಹಬ್ಬದ ಮಾಲು ಬರುವ ಮೊದಲು ಕಪಾಟು ಖಾಲಿಯಾಗಬೇಕು. ಹಾಗಾಗಿ ಮಂಗಳೂರಿನಿಂದ ಚೆನ್ನೈವರೆಗೆ ಆ ಹೊತ್ತಿಗೆ ಬೆಲೆ ಇಳಿಯುತ್ತದೆ. ಶಾಲೆಯ ಯೂನಿಫಾರ್ಮಿನ ಬಿಳಿ ಬಟ್ಟೆ, ಬೆಡ್‌ಶೀಟು, ಬೈರಾಸು, ಒಳ ಉಡುಪು ನಾನು ಕೊಳ್ಳುವುದು ಆಟಿಯಲ್ಲಿ. ಶಾಲೆ ಶುರುವಾಗುವ ಮೊದಲೇ ಬೇಕಾದವರಿಗೆ ಇದು ಸರಿಹೋಗುವುದಿಲ್ಲ, ಒಂದು ವರ್ಷ ಮೊದಲೇ ಮಗುವಿನ ಬೆಳವಣಿಗೆ ಊಹಿಸಿ ಕೊಳ್ಳಬೇಕು. ಅಮ್ಮ ಅದರಲ್ಲಿ ನಿಪುಣೆ. ನನ್ನ ಲಂಗಗಳಿಗೆಲ್ಲ ಒಳಗೆ ನಾಲ್ಕು ಬೆರಳು ಮಡಚಿ ಹೊಲಿದಿರುತ್ತಿತ್ತು.

ಕೈಮಗ್ಗದ ಬಟ್ಟೆಯ ರಿಯಾಯಿತಿಯ ಬಗ್ಗೆ ನನಗೆ ಹಿಂದೆ ಒಂದು ಹಿಂಜರಿಕೆ ಇತ್ತು. ವಿದ್ಯಾನಗರದ ಉದಯಗಿರಿಯಲ್ಲಿ 1938ರಲ್ಲಿ ಶುರುವಾದ ನೇಕಾರರ ಸಹಕಾರ ಸಂಘವಿದೆ, ಕಾಸರಗೋಡು ಸೀರೆ ಅಲ್ಲಿಯದು. ಅಮ್ಮನ ಹತ್ತಿರ ಒಂದು ಉಂಟು, ಒಗೆದಷ್ಟೂ ಮೆದುವಾಗುತ್ತಾ ಹೋದ ಸೀರೆ. ಓಣಂ ಹೊತ್ತಿಗೆ ಇಂಥ ಕೈಮಗ್ಗದ ಬಟ್ಟೆಗೆ 20 ಶೇಕಡಾ ರಿಬೇಟು ಸಿಗುತ್ತದೆ. ನಾನು ಉಳಿಸುವ ಹಣ ನೇಕಾರರ ಕೂಲಿಯಿಂದ ಹೋಗುತ್ತದಲ್ಲಾ ಎಂದು ಮನಸ್ಸು ಚುಚ್ಚುತ್ತಿತ್ತು. ಆ ರಿಬೇಟನ್ನು ಸಂಘಕ್ಕೆ ತುಂಬಿಕೊಡುವುದು ಸರಕಾರ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಇಳಿದ ಬೆಲೆಯನ್ನು ಕಂಡಾಗಲೆಲ್ಲ ಈಗ ನಾನು ಕೇಳಿಕೊಳ್ಳುವುದು ಇದನ್ನೇ: ಇದು ಯಾರ ಕಿಸೆಯಿಂದ? ಬುಟ್ಟಿಯ ಓಟ್ಸಿನಲ್ಲಿ ಅಂಗಡಿ ತನ್ನ ನಷ್ಟವನ್ನು ಕಡಿಮೆ ಮಾಡಿಕೊಳ್ಳುತ್ತದೆ, ಅಲ್ಲಿ ನನಗೆ ಸಂಕೋಚವಿಲ್ಲ. ಕೇರಳ ಸರಕಾರದ ನ್ಯಾಯಬೆಲೆಯ ಅಂಗಡಿಯಾದ ಮಾವೇಲಿ ಸ್ಟೋರಿನ ಹದಿಮೂರು ಸಬ್ಸಿಡಿ ಸಾಮಾನುಗಳಲ್ಲಿ ಹಣ ಸರಕಾರದ್ದು, ಎಂದರೆ ನಮ್ಮೆಲ್ಲರದು. ಕಾರ್ಡು ತೋರಿಸಿ ಕುರುವ ಅಕ್ಕಿ, ಹೆಸರು, ಉದ್ದು, ಕಡಲೆ, ತೆಂಗಿನೆಣ್ಣೆ ತರುವುದು ಹಕ್ಕು.

ಸಂಜೆ ಬಸ್‌ಸ್ಟ್ಯಾಂಡಿನ ಪಕ್ಕ ಗೋಣಿ ಹಾಸಿ ಕೂತ ಹೆಂಗಸಿನ ಹರಿವೆ, ಬಸಳೆಯ ವಿಷಯ ಹಾಗಲ್ಲ. ಆರು ಗಂಟೆಗೆ ಸೊಪ್ಪು ಬಾಡಿರುತ್ತದೆ, ಅವರಾಗಿಯೇ "ಎರಡು ಕಟ್ಟಿಗೆ ಇಪ್ಪತ್ತು ಕೊಡಿ, ಕೊಂಡುಹೋಗಿ" ಎನ್ನುತ್ತಾರೆ. ಅವರು ಹೇಳಿದ ಕ್ರಯಕ್ಕೆ ತೆಗೆದುಕೊಳ್ಳುತ್ತೇನೆ. ಅದರ ಮೇಲೆ ಚರ್ಚೆ ಮಾಡುವುದಿಲ್ಲ. ಬೆಳಿಗ್ಗೆ ಹೊತ್ತು ತಂದದ್ದನ್ನು ಮತ್ತೆ ಹೊತ್ತುಕೊಂಡು ಹೋಗಲಾರದ ಹೊತ್ತು ಅದು. ಆ ಹೊತ್ತನ್ನು ಹಿಡಿದು ಹಿಂಡುವುದು ಉಳಿತಾಯವೆಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆಯಲಾರೆ. ಮೀನಿನ ಮಾರ್ಕೆಟಿನಲ್ಲೂ ಸಂಜೆ ಬೂತಾಯಿಯ ಬೆಲೆ ಇಳಿಯುತ್ತದೆ. ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ಮಾತ್ರ ತರುತ್ತೇವೆ. ಮೀನಿಗೆ ಡೇಟು ಅದೇ.

ಗಡಿ ದಾಟಿ ಅಗ್ಗಕ್ಕೆ ತರುವ ಉತ್ಸಾಹ ನಮ್ಮ ಊರಿನಲ್ಲಿ ಯಾವಾಗಲೂ ಉಂಟು. 2023ರ ಏಪ್ರಿಲಿನಲ್ಲಿ ಕೇರಳದಲ್ಲಿ ಪೆಟ್ರೋಲು, ಡೀಸೆಲಿಗೆ ಲೀಟರಿಗೆ 2 ರೂಪಾಯಿ ಸೆಸ್ಸು ಬಂದ ಮೇಲೆ ತಲಪಾಡಿಯ ಆಚೆ ಟ್ಯಾಂಕು ತುಂಬಿಸುವವರು ಇನ್ನೂ ಹೆಚ್ಚಾದರು. ಆ ದಾರಿಯಲ್ಲೇ ಹೋಗುವವರಿಗೆ ಸರಿ. ಸೇಲಿಗೆಂದೇ ಐವತ್ತು ಕಿಲೋಮೀಟರ್ ಮಂಗಳೂರಿಗೆ ಹೋಗಿ, ಇಬ್ಬರ ಬಸ್ಸು ಚಾರ್ಜು, ಮಧ್ಯಾಹ್ನದ ಊಟ, ಮಕ್ಕಳ ಐಸ್‌ಕ್ರೀಮು ಎಲ್ಲ ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮಂಗಳೂರಿಗೆ ಹೋಗುವ ಸಂತೋಷಕ್ಕೆ ಹೋಗೋಣ, ಅದಕ್ಕೆ ಬೇರೆ ಬೆಲೆ.

2020ರ ಮಾರ್ಚಿನಲ್ಲಿ, ಕೊರೋನಾ ಲಾಕ್‌ಡೌನಿನ ಹೊತ್ತಿಗೆ, ಕರ್ನಾಟಕಕ್ಕೆ ಹೋಗುವ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಒಂದು ವಿಷಯ ತಿಳಿಯಿತು. ಅಂಗಡಿಯಲ್ಲಿ ತರಕಾರಿ ಇಲ್ಲ, ಹಿಟ್ಟು ಇಲ್ಲ. ನಮ್ಮ ಅಟ್ಟದಲ್ಲಿ ಬುಟ್ಟಿಯಿಂದ ತಂದ ಸೋಪು, ಪುಡಿ, ಉಪ್ಪು, ಬಿಸಿಲಿಗೆ ಒಣಗಿಸಿ ಒಣಮೆಣಸು ಹಾಕಿಟ್ಟ ಬೇಳೆ ಇತ್ತು. ಏಪ್ರಿಲಿನಲ್ಲಿ ರೇಷನ್ ಅಂಗಡಿಯಿಂದ ಹದಿನೇಳು ಸಾಮಾನಿನ ಕಿಟ್ ಬರುವವರೆಗೆ ನಮಗೂ, ದೊಡ್ಡಮ್ಮನಿಗೂ, ಮತ್ತೊಂದು ಮನೆಗೂ ಅದೇ ಸಾಕಾಯಿತು. ಅಲ್ಲಿಯವರೆಗೆ ಗಂಡನಿಗೆ ನನ್ನ ಅಟ್ಟದ ಡಬ್ಬಗಳ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ.

ಬುಟ್ಟಿಯ ಎದುರು ನಿಂತಾಗ ಯಾರಾದರೂ ನೋಡಿದರೆ ಎಂಬ ನಾಚಿಕೆ ಮೊದಲ ಒಂದೆರಡು ವರ್ಷ ನನಗೂ ಇತ್ತು. ಆಫೀಸಿನವರು ಬಾಗಿಲಲ್ಲಿ ಕಂಡರೆ ಕೈ ಹಿಂದಕ್ಕೆ ಬರುತ್ತಿತ್ತು. ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಒಮ್ಮೆ "ಅಮ್ಮ, ನನ್ನ ಫ್ರೆಂಡ್ಸ್ ಇದ್ದಾರೆ, ಆ ಕಡೆ ಹೋಗಬೇಡ" ಎಂದಳು. ನಾನು ಹೋಗಲಿಲ್ಲ. ಅವಳ ಸಂಕಟ ನನಗೆ ಅರ್ಥವಾಯಿತು, ಮೂಲೆಯ ರಾಶಿಯಿಂದ ಎತ್ತಿದ ಬಟ್ಟೆಯ ಲಂಗ ಹಾಕಿಕೊಂಡು ಶಾಲೆಗೆ ಹೋದವಳು ನಾನು. ಮನೆಗೆ ಬಂದ ಮೇಲೆ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು ಓದಿದಳು. ವಾಪಸ್ ಕೊಡುವಾಗ ಕೊನೆಯ ಪುಟದಲ್ಲಿ ಅವಳ ಕೈಬರಹದಲ್ಲಿ ವರ್ಷವಾರು ಮೊತ್ತಗಳಿದ್ದವು, ಒಂದು ಕಡೆ ನಾನು ಕೂಡಿಸುವಾಗ ಮಾಡಿದ ತಪ್ಪನ್ನು ತಿದ್ದಿದ್ದಳು. ಈಗ ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿ ಕೊಳ್ಳುವುದೆಲ್ಲ ಅವಳ ಲೆಕ್ಕ, ನಾನು ಕೇಳುವುದಿಲ್ಲ.

ಕಳೆದ ಶನಿವಾರ ಬುಟ್ಟಿಯಲ್ಲಿ ಶ್ಯಾವಿಗೆಯ ಮೂರು ಪ್ಯಾಕೆಟುಗಳಿದ್ದವು. 64ರದ್ದು 32ಕ್ಕೆ. ನಾನು ಒಂದನ್ನು ಎತ್ತಿ ತಿರುಗಿಸುತ್ತಿರುವಾಗ ಪಕ್ಕದಲ್ಲಿ ಮಗುವನ್ನು ಸೊಂಟಕ್ಕೆ ಕೂರಿಸಿಕೊಂಡ ಸಣ್ಣ ಪ್ರಾಯದ ಹೆಂಗಸು ಉಳಿದ ಎರಡರಲ್ಲಿ ಒಂದನ್ನು ಹಿಡಿದು, "ಚೇಚೀ, ಈ ಡೇಟ್ ಒನ್ನ್ ನೋಕ್ಕಾಮೋ?" ಎಂದು ಕೇಳಿದಳು, ಅಕ್ಕಾ ಈ ಡೇಟು ಒಮ್ಮೆ ನೋಡುತ್ತೀರಾ ಎಂದು. ಅಕ್ಷರ ಬಹಳ ಸಣ್ಣದು, ಅರ್ಧ ಅಳಿಸಿಹೋಗಿತ್ತು. ದೀಪದ ಕಡೆ ಹಿಡಿದು ಓದಿದೆ. ಇನ್ನು ಹನ್ನೆರಡು ದಿನ ಇತ್ತು, ಅದನ್ನೇ ಹೇಳಿದೆ. ಮುದ್ರಿತ ಬೆಲೆ ಚೀಟಿಯ ಪಕ್ಕದಲ್ಲೇ ಕಾಣುತ್ತಿತ್ತು, ಅದನ್ನೂ ತೋರಿಸಿದೆ.

"ಮನೆಯಲ್ಲಿ ಎಷ್ಟು ಜನ?" ಎಂದು ಕೇಳಿದೆ.

ಏಳು ಜನ ಎಂದಳು. ಅತ್ತೆ, ಮಾವ, ಮೈದುನನ ಮಕ್ಕಳು. ಭಾನುವಾರ ಬೆಳಿಗ್ಗೆ ಒಂದೇ ಸಲಕ್ಕೆ ಎರಡು ಪ್ಯಾಕೆಟ್ ಬೇಕಂತೆ.

ನನ್ನ ಕೈಯಲ್ಲಿದ್ದದ್ದನ್ನೂ ಅವಳ ಬುಟ್ಟಿಗೆ ಹಾಕಿದೆ. ನಾವು ಮೂವರೇ, ಮನೆಯಲ್ಲಿ ಇನ್ನೂ ಅರ್ಧ ಪ್ಯಾಕೆಟ್ ಶ್ಯಾವಿಗೆ ಇತ್ತು. ಅಮ್ಮನ ಕೈಬರಹದಲ್ಲಿ ಅದರ ಮುಚ್ಚಳದ ಮೇಲೆ ಈ ತಿಂಗಳ 28 ಎಂದು ಬರೆದಿದೆ.